ನಾಸಿರ್, ಮನ್ಸೂರ್ ಮತ್ತು ಇಂಗ್ಲಿಷ್ ವ್ಯಾಕರಣ

ಮಳೆಗಾಲದ ಒಂದು ಸಂಜೆ. ಮಗ್ರಿಬ್ ನಮಾಝ್ ಮುಗಿಸಿ ಕುಳಿತಿದ್ದೆ. ನಮ್ಮ ಬೀದಿಯ ತಾಯಿಯೊಬ್ಬರು ಕೊಡೆ ಮಡಚಿ ಜಗಲಿಯಲ್ಲಿಟ್ಟು ಸಲಾಂ ಹೇಳುತ್ತಾ ಒಳಗೆ ಬಂದರು. ಸೆರಗಿನ ಒಳಗಿನಿಂದ ಮಗಳ ಇಂಗ್ಲಿಷ್ ಉತ್ತರ ಪತ್ರಿಕೆಯನ್ನು ಹೊರತೆಗೆದರು. ಮಗಳು ಒಂಬತ್ತನೇ ತರಗತಿ. ಮಳೆಗಾಲದ ರೋಗಗಳ ಬಗ್ಗೆ ಒಂದು ಪ್ಯಾರಾ ಬರೆಯಬೇಕಿತ್ತು. ಹುಡುಗಿ ಚೆನ್ನಾಗಿಯೇ ಬರೆದಿದ್ದಳು. ಆದರೆ ಒಂದು ಕಡೆ ಕೆಂಪು ಶಾಯಿಯ ವೃತ್ತ ಬಿದ್ದಿತ್ತು. ಆಕೆ ಬರೆದದ್ದು, ‘ವಿ ಶುಡ್ ಡ್ರಿಂಕ್ ಬಾಯ್ಲಿಂಗ್ ವಾಟರ್’ ಎಂದು.

“ಟೀಚರ್, ಇದರಲ್ಲಿ ತಪ್ಪೇನು? ಮಗಳನ್ನು ಕೇಳಿದರೆ, ‘ಉಮ್ಮಾ, ನಿನಗೆ ಇದೆಲ್ಲ ಗೊತ್ತಾಗುವುದಿಲ್ಲ’ ಎಂದು ಪುಸ್ತಕ ಮುಚ್ಚಿಬಿಡುತ್ತಾಳೆ” ಎಂದರು. ಅವರ ಮುಖದಲ್ಲಿ ಬೇಸರವಿತ್ತು. ಹೋದ ಒಂದು ಅಂಕದ ಬೇಸರ ಅದಾಗಿರಲಿಲ್ಲ. ತನ್ನ ಎದುರು ಮುಚ್ಚಿದ ಪುಸ್ತಕದ ಬೇಸರ ಅದು.

ನಾನು ಕೇಳಿದೆ, “ನಿಮ್ಮ ಮನೆಗೆ ಅತಿಥಿಗಳು ಬಂದರೆ ಕುದಿಯುವ ನೀರು ಕೊಡುತ್ತೀರೋ, ಕುದಿಸಿದ ನೀರು ಕೊಡುತ್ತೀರೋ?”

ಅವರು ನಕ್ಕುಬಿಟ್ಟರು. “ಕುದಿಯುವ ನೀರು ಕುಡಿದರೆ ಗಂಟಲೇ ಸುಟ್ಟುಹೋದೀತು!”

“ಹಾಗಾದರೆ ನಿಮ್ಮ ಮಗಳಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿದೆ. ಬಾಯ್ಲಿಂಗ್ ವಾಟರ್ ಎಂದರೆ ಒಲೆಯ ಮೇಲೆ ಕೊತಕೊತ ಕುದಿಯುತ್ತಿರುವ ನೀರು. ಬಾಯ್ಲ್ಡ್ ವಾಟರ್ ಎಂದರೆ ಕುದಿಸಿದ ನೀರು. ಡಾಕ್ಟರು ಕುಡಿಯಲು ಹೇಳುವುದು ಎರಡನೆಯದನ್ನು” ಎಂದೆ.

ಆ ತಾಯಿ ಪತ್ರಿಕೆಯನ್ನು ಮತ್ತೊಮ್ಮೆ ನೋಡಿದರು. “ಇಷ್ಟೇನಾ?” ಎಂದರು.

ಹೌದು, ಬಹುಮಟ್ಟಿಗೆ ಇಷ್ಟೇ. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ‘ವರ್ಬಲ್ಸ್’ ಎಂಬ ಹೆಸರಿನಲ್ಲಿ ಮಕ್ಕಳನ್ನು ಹೆದರಿಸುವ ಪಾಠ ಇದುವೇ. ಜೆರಂಡ್, ಪಾರ್ಟಿಸಿಪಲ್, ಇನ್ಫಿನಿಟಿವ್ ಎಂಬ ಮೂರು ಹೆಸರುಗಳು ಕೇಳಲು ಕಠಿಣವಾಗಿವೆ. ಆದರೆ ಹೆಸರಿನ ಹಿಂದಿರುವ ವಸ್ತು ನಮ್ಮ ಅಡುಗೆ ಮನೆಯಲ್ಲಿ, ನಮ್ಮ ಮಾತಿನಲ್ಲಿ, ನಮ್ಮ ಮಕ್ಕಳಿಗೆ ಇಟ್ಟ ಹೆಸರುಗಳಲ್ಲಿ ಮೊದಲಿನಿಂದಲೂ ಇದೆ. ಇಂಗ್ಲಿಷ್ ಬಾರದ ತಾಯಿಯೂ ಈ ಪಾಠದಲ್ಲಿ ಮಗುವಿನ ಪಕ್ಕ ಕುಳಿತುಕೊಳ್ಳಬಹುದು. ಹೇಗೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಅಕ್ಕಿ ಒಂದೇ, ತಿಂಡಿ ಹಲವು

ಅಕ್ಕಿ ಒಂದೇ. ಬೇಯಿಸಿದರೆ ಅನ್ನ, ರುಬ್ಬಿ ತಟ್ಟಿದರೆ ರೊಟ್ಟಿ, ಉಂಡೆ ಕಟ್ಟಿ ಹಬೆಯಲ್ಲಿಟ್ಟರೆ ಪುಂಡಿ. ಅದೇ ರೀತಿ ಒಂದು ಧಾತುವಿನಿಂದ ಹಲವು ಪದಗಳು ಹುಟ್ಟುತ್ತವೆ. ‘ಓದು’ ಎಂಬುದನ್ನು ತೆಗೆದುಕೊಳ್ಳಿ. ‘ಹುಡುಗಿ ಓದುತ್ತಾಳೆ’ ಎಂದಾಗ ಅದು ಕ್ರಿಯಾಪದ. ‘ಓದುವಿಕೆ ಒಳ್ಳೆಯ ಅಭ್ಯಾಸ’ ಎಂದಾಗ ಅದೇ ಓದು ನಾಮಪದದ ಕೆಲಸ ಮಾಡುತ್ತದೆ. ‘ಓದುವ ಹುಡುಗಿ’ ಎಂದಾಗ ಹುಡುಗಿ ಎಂಥವಳೆಂದು ವರ್ಣಿಸುತ್ತದೆ. ‘ಓದಲು ಹೋದಳು’ ಎಂದಾಗ ಹೋದ ಉದ್ದೇಶವನ್ನು ತಿಳಿಸುತ್ತದೆ.

ಇವುಗಳಲ್ಲಿ ಮೊದಲನೆಯದು ಮಾತ್ರ ವಾಕ್ಯವನ್ನು ಮುಗಿಸಬಲ್ಲದು. ‘ಹುಡುಗಿ ಓದುತ್ತಾಳೆ’ ಎಂದರೆ ಮಾತು ಪೂರ್ತಿಯಾಯಿತು. ‘ಹುಡುಗಿ ಓದಲು’ ಎಂದು ನಿಲ್ಲಿಸಿದರೆ ಕೇಳುವವರು ಮುಂದೇನು ಎಂದು ಕಾಯುತ್ತಾರೆ. ಹೀಗೆ ಕ್ರಿಯೆಯಿಂದ ಹುಟ್ಟಿಯೂ ವಾಕ್ಯದ ಮುಖ್ಯ ಕ್ರಿಯಾಪದವಾಗಿ ನಿಲ್ಲಲಾಗದೆ, ಬೇರೆ ಪದಗಳ ಕೆಲಸ ಮಾಡುವ ರೂಪಗಳನ್ನೇ ಇಂಗ್ಲಿಷಿನಲ್ಲಿ ವರ್ಬಲ್ಸ್ ಎನ್ನುತ್ತಾರೆ. ಕನ್ನಡ ವ್ಯಾಕರಣದಲ್ಲಿ ಇದರ ಹೆಸರು ಕೃದಂತ. ಹೈಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಧಾತುವಿಗೆ ಕೃತ್ ಪ್ರತ್ಯಯ ಸೇರಿದರೆ ಕೃದಂತ. ಅದರಲ್ಲಿ ಮೂರು ವಿಧ. ಓಟ, ನೋಟ, ಓದುವಿಕೆ ಎಂಬವು ಕೃದಂತ ಭಾವನಾಮಗಳು. ಮಾಡುವ, ಮಾಡಿದ, ಮಾಡದ ಎಂಬವು ಕೃದಂತನಾಮಗಳು. ಮಾಡಿ, ಮಾಡುತ್ತಾ, ಮಾಡಲು ಎಂಬವು ಕೃದಂತಾವ್ಯಯಗಳು. ಇಂಗ್ಲಿಷಿನಲ್ಲೂ ಮೂರೇ ವಿಧ. ಒಂದಕ್ಕೊಂದು ಪೂರ್ತಿ ಹೊಂದಿಕೆಯಾಗದಿದ್ದರೂ ಮೊದಲ ಹೆಜ್ಜೆಗೆ ಈ ಹೋಲಿಕೆ ಸಾಕು.

ಇಂಗ್ಲಿಷಿನಲ್ಲಿ ಮುಖ್ಯ ಕ್ರಿಯಾಪದವನ್ನು ಗುರುತಿಸಲು ಒಂದು ಸುಲಭದ ಪರೀಕ್ಷೆಯಿದೆ. ವಾಕ್ಯವನ್ನು ಇಂದಿನಿಂದ ನಿನ್ನೆಗೆ ಬದಲಾಯಿಸಿ ನೋಡಿ. ‘ಷಿ ವಾಂಟ್ಸ್ ಟು ಕುಕ್’ ಎಂಬ ವಾಕ್ಯ ನಿನ್ನೆಗೆ ಹೋದರೆ ‘ಷಿ ವಾಂಟೆಡ್ ಟು ಕುಕ್’ ಆಗುತ್ತದೆ. ವಾಂಟ್ಸ್ ಬದಲಾಯಿತು, ‘ಟು ಕುಕ್’ ಬದಲಾಗಲಿಲ್ಲ. ಬದಲಾದದ್ದು ಕ್ರಿಯಾಪದ, ಅಲುಗಾಡದೆ ನಿಂತದ್ದು ವರ್ಬಲ್. ಇನ್ಫಿನಿಟಿವ್ ಎಂಬ ಹೆಸರಿನ ಮೂಲಾರ್ಥವೇ ಮಿತಿಗೆ ಒಳಪಡದ್ದು ಎಂದು. ನಾನು, ನೀನು, ಅವಳು ಎಂಬ ಮಿತಿಯಾಗಲಿ, ನಿನ್ನೆ, ಇಂದು ಎಂಬ ಮಿತಿಯಾಗಲಿ ಅದಕ್ಕಿಲ್ಲ.

ಹೆಸರಾಗಿ ನಿಲ್ಲುವ ಕೆಲಸ

ಮೊದಲನೆಯದು ಜೆರಂಡ್. ಕ್ರಿಯೆಯ ಕೊನೆಗೆ ‘ಇಂಗ್’ ಸೇರಿ ಅದು ಒಂದು ಕೆಲಸದ ಹೆಸರಾಗಿ ನಿಂತರೆ ಜೆರಂಡ್. ‘ರೀಡಿಂಗ್ ಈಸ್ ಎ ಗುಡ್ ಹ್ಯಾಬಿಟ್’ ಎಂಬಲ್ಲಿ ರೀಡಿಂಗ್ ಎಂದರೆ ಓದುವುದು. ಆಸ್ಪತ್ರೆಯ ಗೋಡೆಯಲ್ಲಿರುವ ‘ನೋ ಸ್ಮೋಕಿಂಗ್’, ಅಂಗಡಿಯ ಮುಂದಿರುವ ‘ನೋ ಪಾರ್ಕಿಂಗ್’, ಪೆರ್ನಾಲಿನ ಮೊದಲು ನಾವು ಹೋಗುವ ಶಾಪಿಂಗ್, ಇವೆಲ್ಲ ಜೆರಂಡ್‌ಗಳೇ. ಕನ್ನಡದಲ್ಲಿ ‘ಮಾಡುವುದು’ ಅಥವಾ ‘ಮಾಡುವಿಕೆ’ ಎಂದು ಹೇಳಬಹುದಾದ ಜಾಗದಲ್ಲಿ ಬರುವ ‘ಇಂಗ್’ ಸಾಮಾನ್ಯವಾಗಿ ಜೆರಂಡ್ ಎಂದು ಮಗುವಿಗೆ ಹೇಳಿಕೊಡಿ.

ಅದು ಹೆಸರಾಗಿ ನಿಂತರೂ ತನ್ನ ತವರನ್ನು ಮರೆಯುವುದಿಲ್ಲ. ‘ವಾಷಿಂಗ್ ಕ್ಲೋತ್ಸ್ ಎವ್ರಿ ಡೇ’ ಎಂದಾಗ ಕ್ಲೋತ್ಸ್ ಅದರ ಕರ್ಮಪದ. ಏನನ್ನು ಒಗೆಯುವುದು? ಬಟ್ಟೆಯನ್ನು. ಎಂದು ಒಗೆಯುವುದು? ಪ್ರತಿದಿನ. ಈ ಪ್ರಶ್ನೆಗಳನ್ನು ಕ್ರಿಯೆಗೆ ಕೇಳುವಂತೆ ಜೆರಂಡಿಗೂ ಕೇಳಬಹುದು.

ಮಕ್ಕಳು ಎಡವುವ ಜಾಗ ಒಂದಿದೆ. ಫಾರ್, ವಿದೌಟ್, ಬಿಫೋರ್, ಆಫ್ಟರ್, ಇನ್, ಆಫ್ ಇಂತಹ ಪದಗಳ ನಂತರ ಕ್ರಿಯೆ ಬಂದರೆ ಅದು ‘ಇಂಗ್’ ರೂಪದಲ್ಲೇ ಬರಬೇಕು. ‘ವಿದೌಟ್ ಟು ಆಸ್ಕ್’ ಎಂದು ಬರೆದರೆ ತಪ್ಪು, ‘ವಿದೌಟ್ ಆಸ್ಕಿಂಗ್’ ಸರಿ. ‘ವಾಷ್ ಯುವರ್ ಹ್ಯಾಂಡ್ಸ್ ಬಿಫೋರ್ ಈಟಿಂಗ್’, ‘ಥ್ಯಾಂಕ್ಯೂ ಫಾರ್ ಕಮಿಂಗ್’ ಎಂಬ ಎರಡು ವಾಕ್ಯಗಳನ್ನು ಬಾಯಿಪಾಠ ಮಾಡಿಸಿದರೆ ಈ ನಿಯಮ ಮರೆಯದು.

ಪತ್ರ ಬರೆಯುವಾಗ ಬರುವ ಇನ್ನೊಂದು ತಪ್ಪು: ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’. ಇಲ್ಲಿ ‘ಟು’ ಕಂಡೊಡನೆ ಮಕ್ಕಳು ‘ಮೀಟ್’ ಎಂದು ಬರೆಯುತ್ತಾರೆ. ಆದರೆ ಈ ‘ಟು’ ಇನ್ಫಿನಿಟಿವ್‌ನ ‘ಟು’ ಅಲ್ಲ. ಫಾರ್, ಇನ್ ಎಂಬಂತೆ ಇದೂ ಒಂದು ಸಂಬಂಧಸೂಚಕ ಪದ. ಆದ್ದರಿಂದ ‘ಟು ಮೀಟಿಂಗ್ ಯು’ ಎಂದಾಗಬೇಕು.

ಉದ್ದೇಶ ಹೇಳುವ ‘ಟು’

ಎರಡನೆಯದು ಇನ್ಫಿನಿಟಿವ್. ‘ಟು’ ಸೇರಿದ ಮೂಲ ಕ್ರಿಯೆ. ಟು ಈಟ್, ಟು ರೀಡ್, ಟು ಸೀ. ‘ಷಿ ವೆಂಟ್ ಟು ಮುಂಬೈ ಟು ಸೀ ಹರ್ ಬ್ರದರ್’ ಎಂಬ ವಾಕ್ಯದಲ್ಲಿ ಎರಡು ‘ಟು’ಗಳಿವೆ. ಮೊದಲನೆಯದು ಊರಿನ ಹೆಸರಿನ ಜೊತೆ ಬಂದಿದೆ, ಅದು ‘ಮುಂಬೈಗೆ’ ಎಂಬಲ್ಲಿನ ‘ಗೆ’. ಎರಡನೆಯದು ಕ್ರಿಯೆಯ ಜೊತೆ ಬಂದಿದೆ, ಅದು ‘ನೋಡಲು’ ಎಂಬಲ್ಲಿನ ‘ಲು’. ‘ನೋಡಲಿಕ್ಕೆ’ ಎಂದರೂ ಅದೇ. ಇನ್ಫಿನಿಟಿವ್ ಎರಡನೆಯದು ಮಾತ್ರ.

ಕೆಲವು ಪದಗಳ ನಂತರ ‘ಟು’ ಮರೆಯಾಗುತ್ತದೆ. ಕ್ಯಾನ್, ಮಸ್ಟ್, ಶುಡ್ ಎಂಬ ಸಹಾಯಕ ಕ್ರಿಯಾಪದಗಳ ನಂತರ, ಲೆಟ್ ಮತ್ತು ಮೇಕ್ ಎಂಬವುಗಳ ನಂತರ ಬರಿಯ ಕ್ರಿಯೆ ಬರುತ್ತದೆ. ‘ಲೆಟ್ ಹರ್ ಸ್ಟಡಿ’ ಎಂದರೆ ಅವಳನ್ನು ಓದಲು ಬಿಡಿ. ‘ಲೆಟ್ ಹರ್ ಟು ಸ್ಟಡಿ’ ಎಂದರೆ ತಪ್ಪು.

ಜೆರಂಡ್ ಎಲ್ಲಿ, ಇನ್ಫಿನಿಟಿವ್ ಎಲ್ಲಿ ಎಂಬುದು ಮಕ್ಕಳ ದೊಡ್ಡ ಗೊಂದಲ. ವಾಂಟ್, ಹೋಪ್, ಡಿಸೈಡ್, ಪ್ರಾಮಿಸ್, ರಿಫ್ಯೂಸ್ ಎಂಬವುಗಳ ನಂತರ ‘ಟು’ ಬರುತ್ತದೆ. ಎಂಜಾಯ್, ಅವಾಯ್ಡ್, ಫಿನಿಶ್, ಮೈಂಡ್ ಎಂಬವುಗಳ ನಂತರ ‘ಇಂಗ್’ ಬರುತ್ತದೆ. ‘ಐ ಎಂಜಾಯ್ ಟು ರೀಡ್’ ಅಲ್ಲ, ‘ಐ ಎಂಜಾಯ್ ರೀಡಿಂಗ್’. ಲೈಕ್, ಬಿಗಿನ್, ಸ್ಟಾರ್ಟ್ ಎಂಬವುಗಳ ನಂತರ ಸಾಮಾನ್ಯವಾಗಿ ಎರಡೂ ನಡೆಯುತ್ತದೆ. ಇದು ಬಳಕೆಯಿಂದ ಬರುವ ಜ್ಞಾನ. ಎರಡು ಪಟ್ಟಿ ಬರೆದು ಗೋಡೆಗೆ ಅಂಟಿಸುವುದಕ್ಕಿಂತ ಉತ್ತಮ ದಾರಿ ನನಗೆ ಕಂಡಿಲ್ಲ.

ಆದರೆ ಕೆಲವು ಕಡೆ ಎರಡೂ ಸರಿ, ಅರ್ಥ ಮಾತ್ರ ಬೇರೆ. ಅಲ್ಲಿ ಕನ್ನಡ ನಮ್ಮ ಸಹಾಯಕ್ಕೆ ಬರುತ್ತದೆ. ‘ಷಿ ಸ್ಟಾಪ್ಡ್ ಟಾಕಿಂಗ್’ ಎಂದರೆ ಮಾತಾಡುವುದನ್ನು ನಿಲ್ಲಿಸಿದಳು. ‘ಷಿ ಸ್ಟಾಪ್ಡ್ ಟು ಟಾಕ್’ ಎಂದರೆ ಮಾತಾಡಲು ನಿಂತಳು. ಒಂದರಲ್ಲಿ ಮಾತು ಮುಗಿಯಿತು, ಇನ್ನೊಂದರಲ್ಲಿ ಶುರುವಾಯಿತು! ಇನ್ನೊಂದು ಉದಾಹರಣೆ ನೋಡಿ. ಮದುವೆ ಮನೆಗೆ ಹೊರಟಿದ್ದೀರಿ, ಬಸ್ಸು ಹತ್ತಿದ ಮೇಲೆ ಗ್ಯಾಸಿನ ಚಿಂತೆ. ‘ಐ ರಿಮೆಂಬರ್ ಟರ್ನಿಂಗ್ ಆಫ್ ದ ಗ್ಯಾಸ್’ ಎಂದರೆ ಗ್ಯಾಸ್ ಆಫ್ ಮಾಡಿದ್ದು ನೆನಪಿದೆ, ಕೆಲಸ ಮುಗಿದ ಮೇಲಿನ ನೆನಪು ಅದು. ‘ರಿಮೆಂಬರ್ ಟು ಟರ್ನ್ ಆಫ್ ದ ಗ್ಯಾಸ್’ ಎಂದರೆ ಆಫ್ ಮಾಡಲು ಮರೆಯಬೇಡ, ಕೆಲಸ ಇನ್ನೂ ಆಗಬೇಕಷ್ಟೆ. ‘ಮಾಡಿದ್ದು’ ಮತ್ತು ‘ಮಾಡಲು’ ಎಂಬ ಎರಡು ಕನ್ನಡ ಪದಗಳು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸುತ್ತವೆ.

ನನ್ನದೇ ಒಂದು ಅನುಭವ

ಮೂರನೆಯದಾದ ಪಾರ್ಟಿಸಿಪಲ್‌ಗೆ ಬರುವ ಮೊದಲು ನನ್ನದೇ ಒಂದು ಕಥೆ ಹೇಳಬೇಕು.

ನಮ್ಮ ಕಾಲದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪರಿಚಯವಾಗುತ್ತಿದ್ದದ್ದು ಐದನೇ ತರಗತಿಯಲ್ಲಿ. ನಂತರ ನಾನು ಹಲವು ವರ್ಷ ಕಲಿತದ್ದು ಮದ್ರಸದಲ್ಲಿ, ಅರಬಿ ಭಾಷೆಯನ್ನು. ಆಮೇಲೆ ಅಂಚೆ ತೆರಪಿನ ಶಿಕ್ಷಣದ ಮೂಲಕ ಬಿ.ಎ. ಮಾಡಿದೆ. ಪದವಿಯ ಸರ್ಟಿಫಿಕೇಟು ಕೈಗೆ ಬಂದ ವರ್ಷವೇ ಒಂದು ಶಾಲೆಯ ಸಂದರ್ಶನಕ್ಕೆ ಹೋದೆ. ಏಕೆ ಈ ಕೆಲಸ ಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮನೆಯಲ್ಲಿ ಹತ್ತು ಸಲ ಹೇಳಿ ನೋಡಿದ್ದ ವಾಕ್ಯವನ್ನೇ ಹೇಳಿದೆ: ‘ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ಟೀಚಿಂಗ್’.

ಮೇಜಿನ ಆಚೆ ಇದ್ದವರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಒಬ್ಬರು ಮೆಲ್ಲಗೆ, ಆದರೆ ನನಗೆ ಕೇಳಿಸುವಂತೆ, “ಮದ್ರಸದಲ್ಲಿ ಕಲಿತವರಿಗೆ ಇಂಗ್ಲಿಷ್ ವ್ಯಾಕರಣ ಎಲ್ಲಿಂದ ಬರಬೇಕು” ಎಂದರು. ಕೆಲಸ ಸಿಗಲಿಲ್ಲ. ಅದಕ್ಕಿಂತ ಹೆಚ್ಚು ನೋಯಿಸಿದ್ದು, ನಾನು ಏನು ತಪ್ಪು ಹೇಳಿದೆ ಎಂಬುದೇ ನನಗೆ ತಿಳಿಯದಿದ್ದದ್ದು.

ಆಗ ನಾನು ಸಂಜೆ ಹೊತ್ತು ಚಿಕ್ಕ ಹುಡುಗಿಯರಿಗೆ ಅರಬಿ ಕಲಿಸುತ್ತಿದ್ದೆ. ಅದೇ ವಾರ ಅವರು ಸರ್ಫ್ ಪಾಠ ಒಪ್ಪಿಸುತ್ತಿದ್ದರು. ಪದರೂಪಗಳ ಆ ಶಾಸ್ತ್ರವನ್ನು ಕಲಿತವರಿಗೆ ‘ನಸರ’ ಎಂಬ ಕ್ರಿಯೆ ಹೊಸತಲ್ಲ. ಸಹಾಯ ಮಾಡಿದನು ಎಂದು ಅದರ ಅರ್ಥ. ಅದರಿಂದ ಹುಟ್ಟುವ ಪದಗಳಲ್ಲಿ ಮೂರನ್ನು ನೋಡಿ. ನಸ್ರ್ ಎಂದರೆ ಸಹಾಯ ಮಾಡುವಿಕೆ. ನಾಸಿರ್ ಎಂದರೆ ಸಹಾಯ ಮಾಡುವವನು. ಮನ್ಸೂರ್ ಎಂದರೆ ಸಹಾಯ ಪಡೆದವನು. ಹುಡುಗಿಯರು ರಾಗವಾಗಿ ನಾಸಿರ್, ಮನ್ಸೂರ್ ಎಂದು ಹೇಳುತ್ತಿದ್ದಾಗ ನನಗೆ ಥಟ್ಟನೆ ಹೊಳೆಯಿತು. ಇಂಟರೆಸ್ಟಿಂಗ್ ಎಂಬುದು ನಾಸಿರ್, ಇಂಟರೆಸ್ಟೆಡ್ ಎಂಬುದು ಮನ್ಸೂರ್! ಆಸಕ್ತಿ ಹುಟ್ಟಿಸುವುದು ಇಂಟರೆಸ್ಟಿಂಗ್. ಯಾರಲ್ಲಿ ಆಸಕ್ತಿ ಹುಟ್ಟಿತೋ ಅವರು ಇಂಟರೆಸ್ಟೆಡ್. ನಾನು ಸಂದರ್ಶನದಲ್ಲಿ ಹೇಳಿದ್ದರ ಅರ್ಥ, ಪಾಠ ಮಾಡುವುದರಲ್ಲಿ ನಾನು ಬಹಳ ಸ್ವಾರಸ್ಯಕರ ವ್ಯಕ್ತಿ ಎಂದು. ನಗು ಬರುವಂಥದ್ದೇ.

ಯಾವ ಮದ್ರಸದ ಹೆಸರಿನಲ್ಲಿ ನನ್ನನ್ನು ಹೀಯಾಳಿಸಿದರೋ, ಆ ಮದ್ರಸದಲ್ಲಿ ಕಲಿತ ವ್ಯಾಕರಣವೇ ನನ್ನ ತಪ್ಪನ್ನು ತಿದ್ದಿತು. ಅರಬಿಯ ವ್ಯಾಕರಣ ನಿನ್ನೆ ಮೊನ್ನೆಯದಲ್ಲ. 8ನೇ ಶತಮಾನದಲ್ಲಿಯೇ ಬಸರಾದ ಸೀಬವೈಹಿ ಅದರ ಬೃಹತ್ ಗ್ರಂಥವನ್ನು ರಚಿಸಿದ್ದರು. ಅವರ ಮನೆ ಮಾತು ಅರಬಿಯಾಗಿರಲಿಲ್ಲ, ಅವರು ಪರ್ಷಿಯಾ ಮೂಲದವರು. ಮನೆಯ ಮಾತಲ್ಲದ ಭಾಷೆಯನ್ನು ಕಲಿತು ಅದರಲ್ಲೇ ಗುರುವಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಮಾಡುವವರು ಮತ್ತು ಮಾಡಿಸಿಕೊಂಡವರು

ಈಗ ಪಾರ್ಟಿಸಿಪಲ್. ಲ್ಯಾಟಿನ್ ಮೂಲದ ಈ ಪದದಲ್ಲಿ ಪಾಲು ಪಡೆಯುವುದು ಎಂಬ ಅರ್ಥವಿದೆ. ಕ್ರಿಯಾಪದದ ಗುಣದಲ್ಲೂ ಗುಣವಾಚಕದ ಗುಣದಲ್ಲೂ ಇದಕ್ಕೆ ಪಾಲಿದೆ. ‘ಇಂಗ್’ ಸೇರಿದರೆ ಪ್ರೆಸೆಂಟ್ ಪಾರ್ಟಿಸಿಪಲ್. ‘ಈಡಿ’ ಸೇರಿದರೆ ಪಾಸ್ಟ್ ಪಾರ್ಟಿಸಿಪಲ್. ಬ್ರೋಕನ್, ಟೋರ್ನ್, ರಿಟನ್ ಮುಂತಾದ ನಿಯಮ ತಪ್ಪಿದ ರೂಪಗಳೂ ಪಾಸ್ಟ್ ಪಾರ್ಟಿಸಿಪಲ್‌ಗಳೇ.

ಕನ್ನಡದ ಮಕ್ಕಳು ಇಲ್ಲೇ ಏಕೆ ಹೆಚ್ಚು ತಪ್ಪುತ್ತಾರೆ? ಕಾರಣ ನಮ್ಮ ಭಾಷೆಯಲ್ಲೇ ಇದೆ. ‘ಓದಿದ ಹುಡುಗಿ’ ಎನ್ನುತ್ತೇವೆ, ‘ಓದಿದ ಪುಸ್ತಕ’ ಎಂದೂ ಎನ್ನುತ್ತೇವೆ. ಹುಡುಗಿ ಓದಿದವಳು, ಪುಸ್ತಕ ಓದಲ್ಪಟ್ಟದ್ದು. ಆದರೆ ಪದ ಒಂದೇ, ‘ಓದಿದ’. ಕೆಲಸ ಯಾವಾಗ ಆಯಿತೆಂದು ಕನ್ನಡದ ಕೃದಂತ ತಿಳಿಸುತ್ತದೆ. ಮಾಡಿದವರು ಯಾರು, ಮಾಡಿಸಿಕೊಂಡದ್ದು ಯಾವುದು ಎಂಬುದನ್ನು ಅದು ನಮ್ಮ ಊಹೆಗೆ ಬಿಡುತ್ತದೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ, ಅಲ್ಲಿ ಎರಡಕ್ಕೂ ಬೇರೆ ಬೇರೆ ರೂಪವಿದೆ. ಅರಬಿಯಲ್ಲೂ ಹಾಗೆಯೇ. ಮಾಡುವವನ ಹೆಸರು ಇಸ್ಮುಲ್ ಫಾಇಲ್, ಮಾಡಲ್ಪಟ್ಟದ್ದರ ಹೆಸರು ಇಸ್ಮುಲ್ ಮಫ್‌ಊಲ್, ಕೆಲಸದ ಹೆಸರು ಮಸ್ದರ್. ಈ ಮಸ್ದರ್ ಬಹುಮಟ್ಟಿಗೆ ಇಂಗ್ಲಿಷಿನ ಜೆರಂಡ್‌ನಂತೆ.

ಅರಬಿ ಕಲಿಯದಿದ್ದರೂ ನಮ್ಮ ಮನೆಗಳಲ್ಲಿ ಈ ಪದಗಳು ಓಡಾಡುತ್ತಿವೆ. ಹಮ್ದ್ ಎಂದರೆ ಸ್ತುತಿ, ಹಾಮಿದ್ ಎಂದರೆ ಸ್ತುತಿಸುವವನು, ಮಹ್ಮೂದ್ ಎಂದರೆ ಸ್ತುತಿಸಲ್ಪಟ್ಟವನು. ಇಲ್ಮ್ ಎಂದರೆ ಜ್ಞಾನ, ಆಲಿಮ್ ಎಂದರೆ ತಿಳಿದವನು, ಮಾಲೂಮ್ ಎಂದರೆ ತಿಳಿಯಲ್ಪಟ್ಟದ್ದು. ಉರ್ದು ಮನೆ ಮಾತಿನವರು ದಿನಕ್ಕೆ ಎಷ್ಟು ಸಲ ‘ಮಾಲೂಮ್’ ಎನ್ನುತ್ತಾರೋ ಲೆಕ್ಕವಿಲ್ಲ. ಝುಲ್ಮ್, ಝಾಲಿಮ್, ಮಝ್ಲೂಮ್ ಎಂಬ ಮೂರನ್ನು ಯಾರಿಗೂ ವಿವರಿಸಬೇಕಿಲ್ಲ. ಝಾಲಿಮ್ ಯಾರು, ಮಝ್ಲೂಮ್ ಯಾರು ಎಂದು ತಿಳಿದಿರುವ ಮಗುವಿಗೆ ಬೋರಿಂಗ್ ಯಾವುದು, ಬೋರ್ಡ್ ಯಾರು ಎಂದು ತಿಳಿಸುವುದು ಕಷ್ಟವಲ್ಲ. ಪಾಠ ಬೇಸರ ಹುಟ್ಟಿಸಿದರೆ ಪಾಠ ಬೋರಿಂಗ್. ಅದರ ಕೈಗೆ ಸಿಕ್ಕ ಮಗು ಬೋರ್ಡ್. ‘ಐ ಆಮ್ ಬೋರಿಂಗ್’ ಎಂದು ಹೇಳುವ ಮಗು ತನ್ನನ್ನೇ ಬೈದುಕೊಳ್ಳುತ್ತಿದೆ ಅಷ್ಟೆ. ಟಯರಿಂಗ್ ಮತ್ತು ಟಯರ್ಡ್ ಕೂಡ ಹೀಗೆಯೇ. ಮನೆ ಕೆಲಸ ಟಯರಿಂಗ್, ಕೆಲಸ ಮಾಡಿದ ತಾಯಿ ಟಯರ್ಡ್.

ಇದಕ್ಕೆ ಹೊರತಾದವೂ ಕೆಲವಿವೆ. ‘ಫಾಲನ್ ಲೀಫ್’ ಎಂದರೆ ಬಿದ್ದ ಎಲೆ. ಎಲೆಯನ್ನು ಯಾರೂ ಬೀಳಿಸಲಿಲ್ಲ, ತಾನೇ ಬಿದ್ದಿತು. ಬೀಳು, ಬೆಳೆ ಮುಂತಾದ ಕರ್ಮಪದ ಬೇಡದ ಕ್ರಿಯೆಗಳಲ್ಲಿ ಪಾಸ್ಟ್ ಪಾರ್ಟಿಸಿಪಲ್ ಎಂದರೆ ಕೆಲಸ ಮುಗಿದದ್ದು ಎಂದಷ್ಟೇ ಅರ್ಥ. ಇಲ್ಲಿ ಕನ್ನಡದ ‘ಬಿದ್ದ’ ಎಂಬ ರೂಪವೇ ಸರಿಯಾದ ದಾರಿ ತೋರಿಸುತ್ತದೆ.

ಒಂದೇ ‘ಇಂಗ್’, ಮೂರು ವೇಷ

ಚುರುಕಾದ ಮಗು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ‘ಇಂಗ್’ ಜೆರಂಡಿಗೂ ಇದೆ, ಪಾರ್ಟಿಸಿಪಲ್‌ಗೂ ಇದೆ, ‘ಷಿ ಈಸ್ ಸ್ಲೀಪಿಂಗ್’ ಎಂಬ ವಾಕ್ಯದಲ್ಲೂ ಇದೆ. ಗುರುತಿಸುವುದು ಹೇಗೆ?

ವೇಷ ನೋಡಬೇಡ, ಮಾಡುವ ಕೆಲಸ ನೋಡು ಎಂದು ಹೇಳಿಕೊಡಿ. ‘ದ ಬೇಬಿ ಈಸ್ ಸ್ಲೀಪಿಂಗ್’ ಎಂಬಲ್ಲಿ ಅದು ‘ಈಸ್’ ಜೊತೆ ಸೇರಿ ವಾಕ್ಯವನ್ನು ಮುಗಿಸುತ್ತದೆ, ಆದ್ದರಿಂದ ಮುಖ್ಯ ಕ್ರಿಯಾಪದದ ಭಾಗ. ‘ಡೋಂಟ್ ವೇಕ್ ದ ಸ್ಲೀಪಿಂಗ್ ಬೇಬಿ’ ಎಂಬಲ್ಲಿ ಮಗು ಹೇಗಿದೆ ಎಂದು ಹೇಳುತ್ತದೆ, ಆದ್ದರಿಂದ ಪಾರ್ಟಿಸಿಪಲ್. ‘ಸ್ಲೀಪಿಂಗ್ ಈಸ್ ಗುಡ್ ಫಾರ್ ಹೆಲ್ತ್’ ಎಂಬಲ್ಲಿ ಕೆಲಸದ ಹೆಸರು, ಆದ್ದರಿಂದ ಜೆರಂಡ್.

ಇನ್ನು ‘ಡ್ರಿಂಕಿಂಗ್ ವಾಟರ್’ ಎಂಬುದನ್ನು ನೋಡಿ. ನೀರು ಏನನ್ನೂ ಕುಡಿಯುವುದಿಲ್ಲ! ಅದು ಕುಡಿಯುವುದಕ್ಕಾಗಿ ಇರುವ ನೀರು. ವಾಷಿಂಗ್ ಮೆಷಿನ್, ಕುಕ್ಕಿಂಗ್ ಆಯಿಲ್, ಬೇಕಿಂಗ್ ಪೌಡರ್ ಎಲ್ಲವೂ ಹಾಗೆಯೇ. ಎಣ್ಣೆ ಅಡುಗೆ ಮಾಡುವುದಿಲ್ಲ, ಅಡುಗೆಗಾಗಿ ಇರುವ ಎಣ್ಣೆ ಅದು. ‘ಇದಕ್ಕಾಗಿ’ ಎಂಬ ಅರ್ಥ ಬಂದರೆ ಅದು ಜೆರಂಡ್ ಎಂಬುದು ಶಾಲಾ ವ್ಯಾಕರಣದ ಸಾಮಾನ್ಯ ಲೆಕ್ಕಾಚಾರ.

ಕೊನೆಯದಾಗಿ ಒಂದು ಎಚ್ಚರಿಕೆ. ‘ವಾಕಿಂಗ್ ಟು ಸ್ಕೂಲ್, ಎ ಡಾಗ್ ಬಿಟ್ ಮಿ’ ಎಂದು ಮಕ್ಕಳು ಬರೆಯುವುದುಂಟು. ಶಾಲೆಗೆ ನಡೆದು ಹೋಗುತ್ತಿದ್ದವರು ಯಾರು? ಈ ವಾಕ್ಯದ ಪ್ರಕಾರ ನಾಯಿ! ವಾಕ್ಯದ ಮೊದಲಿಗೆ ಪಾರ್ಟಿಸಿಪಲ್ ಬಂದರೆ ಅದರ ನಂತರ ಬರುವ ಕರ್ತೃಪದವೇ ಆ ಕೆಲಸ ಮಾಡಿದ್ದಾಗಿರಬೇಕು. ‘ವಾಕಿಂಗ್ ಟು ಸ್ಕೂಲ್, ಐ ವಾಸ್ ಬಿಟನ್ ಬೈ ಎ ಡಾಗ್’ ಎಂದರೆ ಸರಿಯಾಯಿತು. ಪ್ರಬಂಧ ಬರೆಯುವ ಹೈಸ್ಕೂಲು, ಪಿಯುಸಿ ಮಕ್ಕಳು ಇದನ್ನು ನೆನಪಿಡಬೇಕು.

ಮನೆಯೇ ಪಾಠಶಾಲೆ

ಟ್ಯೂಷನ್‌ಗೆ ಕಳಿಸಲು ಎಲ್ಲರಿಗೂ ಅನುಕೂಲವಿರುವುದಿಲ್ಲ. ಆದರೆ ದಿನಕ್ಕೆ ಹತ್ತು ನಿಮಿಷ ಎಲ್ಲರ ಮನೆಯಲ್ಲೂ ಇರುತ್ತದೆ. ಕೆಲವು ಸುಲಭ ಅಭ್ಯಾಸಗಳನ್ನು ಸೂಚಿಸುತ್ತೇನೆ.

ಮೊದಲನೆಯದಾಗಿ, ಅಡುಗೆ ಮನೆಯ ಪೊಟ್ಟಣಗಳನ್ನು ಮಗುವಿನ ಮುಂದಿಡಿ. ಉಪ್ಪಿನ ಪೊಟ್ಟಣದಲ್ಲಿ ಅಯೊಡೈಸ್ಡ್ ಸಾಲ್ಟ್, ಹಾಲಿನಲ್ಲಿ ಪ್ಯಾಶ್ಚರೈಸ್ಡ್ ಮಿಲ್ಕ್, ಪಾಯಸದ ಡಬ್ಬಿಯಲ್ಲಿ ಕಂಡೆನ್ಸ್ಡ್ ಮಿಲ್ಕ್, ಹೋಟೆಲಿನ ಫ್ರೈಡ್ ರೈಸ್. ಇವೆಲ್ಲ ಏನು? ಮನ್ಸೂರ್‌ನ ಸಾಲಿನವು. ಉಪ್ಪಿಗೆ ಅಯೊಡಿನ್ ಸೇರಿಸಲಾಗಿದೆ, ಹಾಲನ್ನು ಗಟ್ಟಿಗೊಳಿಸಲಾಗಿದೆ, ಅನ್ನವನ್ನು ಹುರಿಯಲಾಗಿದೆ.

ಎರಡನೆಯದಾಗಿ, ಪಾಠ ಪುಸ್ತಕದ ಒಂದು ಪುಟ ತೆರೆದು ‘ಇಂಗ್’ ಮತ್ತು ‘ಟು’ ಇರುವ ಪದಗಳಿಗೆ ಪೆನ್ಸಿಲಿನಿಂದ ಗೆರೆ ಹಾಕಿಸಿ. ಪ್ರತಿಯೊಂದಕ್ಕೂ ‘ಇದನ್ನು ಕನ್ನಡದಲ್ಲಿ ಹೇಳು’ ಎನ್ನಿ. ಮಗು ‘ಮಾಡುವುದು’ ಎಂದರೆ ಜೆರಂಡ್, ‘ಮಾಡಲು’ ಎಂದರೆ ಇನ್ಫಿನಿಟಿವ್, ‘ಮಾಡುವ’ ಅಥವಾ ‘ಮಾಡಿದ’ ಎಂದರೆ ಪಾರ್ಟಿಸಿಪಲ್ ಇರಬೇಕೆಂದು ಅಂದಾಜಿಸಬಹುದು. ಎಂಜಾಯ್‌ನಂತಹ ಕಡೆ ಈ ಅಂದಾಜು ತಪ್ಪಬಹುದು, ಅಂತಹವನ್ನು ಗೋಡೆಯ ಪಟ್ಟಿಗೆ ಸೇರಿಸಿ.

ಮೂರನೆಯದಾಗಿ, ತಪ್ಪಿಗೆ ನಗಬೇಡಿ. ವಾಕ್ಯದ ತಮಾಷೆಗೆ ಮಗುವಿನ ಜೊತೆ ನಗಬಹುದು, ಆದರೆ ಮಗುವನ್ನು ನೋಡಿ ನಗಬಾರದು. ಇವೆರಡರ ನಡುವಿನ ಅಂತರ ನನಗೆ ಸಂದರ್ಶನದ ಆ ಕೋಣೆಯಲ್ಲಿ ತಿಳಿಯಿತು.

ಇಂದು ನಮ್ಮ ರಾಜ್ಯದ ಸರಕಾರಿ ಶಾಲೆಗಳ ಮಕ್ಕಳೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಯುತ್ತಿದ್ದಾರೆ. ಮಕ್ಕಳು ಮುಂದೆ ಹೋಗುವುದು ಸಂತೋಷದ ವಿಷಯ. ಆದರೆ ಅವರು ಮುಂದೆ ಹೋಗುತ್ತಾ ತಾಯಿಯನ್ನು ಹಿಂದೆ ಬಿಟ್ಟರೆ, ‘ನಿನಗೆ ಗೊತ್ತಾಗುವುದಿಲ್ಲ’ ಎಂಬ ಮಾತು ಇಂಗ್ಲಿಷ್ ಪುಸ್ತಕದಿಂದ ಶುರುವಾಗಿ ಬೇರೆ ವಿಷಯಗಳಿಗೂ ಹರಡಬಹುದು. ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಒಂದು ಪ್ರಶ್ನೆ ಕೇಳುವ ತಾಯಿಯ ಎದುರು ಮಗು ಅಷ್ಟು ಬೇಗ ಪುಸ್ತಕ ಮುಚ್ಚುವುದಿಲ್ಲ.

ಆ ಮಳೆಗಾಲದ ಸಂಜೆ ಬಂದಿದ್ದ ತಾಯಿ ಕೆಲವು ವಾರಗಳ ನಂತರ ಮದುವೆ ಮನೆಯೊಂದರಲ್ಲಿ ಸಿಕ್ಕರು. ಮಗಳೂ ಜೊತೆಗಿದ್ದಳು. “ಟೀಚರ್, ಉಮ್ಮ ಈಗ ದಿನಾಲೂ ನನಗೆ ಪರೀಕ್ಷೆ ಮಾಡುತ್ತಾರೆ. ಮೊನ್ನೆ ಮೊಟ್ಟೆ ಬೇಯಿಸುತ್ತಾ, ಇದು ನಾಸಿರೋ ಮನ್ಸೂರೋ ಎಂದು ಕೇಳಿದರು” ಎಂದು ದೂರಿದಳು.

“ನೀನೇನು ಹೇಳಿದೆ?” ಎಂದು ಕೇಳಿದೆ.

“ಬಾಯ್ಲ್ಡ್ ಎಗ್, ಮನ್ಸೂರ್” ಎಂದಳು. ತಾಯಿ ಮಗಳ ಕಡೆ ನೋಡಿ, “ನೀರಿನಿಂದ ತೆಗೆದ ಮೇಲೆ ತಾನೇ?” ಎಂದರು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, “ಹೌದಲ್ವಾ ಉಮ್ಮಾ” ಎಂದಳು.